ಮಗಳಿಗೊಂದು ಪತ್ರ: ಸ್ಪ್ರೂಸ್ ಮರದ ತಾಯಿಯ ಕಡೆ

ಪ್ರೀತಿಯ ಮಗಳೇ,

ನಿನ್ನ ಹಾಸ್ಟೆಲಿನ ಹಿಂದಿರುವ ಸ್ಪ್ರೂಸ್ ಮರಗಳು (ಪೈನ್‌ನ ಹಾಗೆ ಸೂಜಿ ಎಲೆಯವು) ಸ್ವೀಡನ್ನಿನ ಉಮೆಯೊ ಊರಿಗೆ ಎಲ್ಲಿಂದ ಬಂದವು ಎಂದು ಕೇಳಿದ್ದೆ. ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

20,000 ವರ್ಷಗಳ ಹಿಂದೆ ಸ್ವೀಡನ್ ಮಂಜುಗಡ್ಡೆಯ ಅಡಿಯಲ್ಲಿತ್ತು. ಅದು ಕರಗಿದ ಮೇಲೆ ರಷ್ಯಾದ ಕಡೆಯಿಂದ ಸ್ಪ್ರೂಸ್ ನಿಧಾನವಾಗಿ ಪಶ್ಚಿಮಕ್ಕೆ ಹಬ್ಬಿತು ಎಂಬುದು ಸರೋವರದ ಕೆಸರಿನಲ್ಲಿ ಪರಾಗ ಎಣಿಸಿದವರ ಲೆಕ್ಕ.

ವಂಶವಾಹಿ ಓದುವವರಿಗೆ ಈ ಜಾತಿಯ ಮರಗಳಲ್ಲಿ ಒಂದು ಅನುಕೂಲವಿದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ, ಬಿಸಿಲಿನಿಂದ ಆಹಾರ ಮಾಡುವ ಕ್ಲೋರೊಪ್ಲಾಸ್ಟ್, ಇವೆರಡಕ್ಕೂ ತಮ್ಮದೇ ಡಿಎನ್‌ಎ ಇರುತ್ತದೆ; ಹೂಬಿಡುವ ಬಹುತೇಕ ಗಿಡಗಳಲ್ಲಿ ಎರಡೂ ತಾಯಿಯಿಂದಲೇ ಬರುತ್ತವೆ. ಸ್ಪ್ರೂಸ್, ಪೈನ್‌ಗಳಲ್ಲಿ ಮೈಟೊಕಾಂಡ್ರಿಯ ತಾಯಿಯದು, ಕ್ಲೋರೊಪ್ಲಾಸ್ಟ್ ತಂದೆಯದು. ಪರಾಗ ಗಾಳಿಯಲ್ಲಿ ಬಹುದೂರ ಹಾರುವುದರಿಂದ ತಂದೆಯ ಕಡೆಯ ಗುರುತು ಎಲ್ಲೆಡೆ ಕಲಸಿಹೋಗುತ್ತದೆ. ಬೀಜ ಅಷ್ಟು ದೂರ ಹೋಗುವುದಿಲ್ಲ. ಹೀಗಾಗಿ ಕಾಡು ಯಾವ ದಾರಿಯಲ್ಲಿ ಬಂತೆಂದು ತಿಳಿಯಬೇಕಾದರೆ ತಾಯಿಯ ಕಡೆಯನ್ನೇ ಕೇಳಬೇಕು. (ನಿನ್ನ ಅಪ್ಪನಿಗೆ ಇದನ್ನು ಓದಿ ಹೇಳಿದೆ, ನಗಲಿಲ್ಲ.)

2012ರಲ್ಲಿ ವಿಜ್ಞಾನಿ ಲಾರಾ ಪಾರ್ದುಚ್ಚಿ ಮತ್ತು ಸಂಗಡಿಗರು ಕೇಳಿದ್ದು ಅದನ್ನೇ. ಸ್ಕ್ಯಾಂಡಿನೇವಿಯಾ (ಸ್ವೀಡನ್, ನಾರ್ವೆಯ ಕಡೆ) ಬಿಟ್ಟು ಬೇರೆಲ್ಲೂ ಕಾಣದ ಒಂದು ಮೈಟೊಕಾಂಡ್ರಿಯ ಡಿಎನ್‌ಎ ಬಗೆ ಅಲ್ಲಿನ ಸ್ಪ್ರೂಸ್‌ಗಳಲ್ಲಿತ್ತು. ಎಲ್ಲ ಮರಗಳೂ ಪೂರ್ವದಿಂದ ಬಂದಿದ್ದರೆ ಇದು ಎಲ್ಲಿಯದು? ನಾರ್ವೆಯ ಟ್ರೊಂಡೆಲಾಗ್‌ನ 10,300 ವರ್ಷ ಹಳೆಯ ಕೆಸರಿನಲ್ಲೂ ಅದೇ ಬಗೆ ಸಿಕ್ಕಿತು. ಮಂಜು ಮುಚ್ಚದೆ ಉಳಿದಿದ್ದ ನಾರ್ವೆಯ ಆಂಡೊಯಾ ದ್ವೀಪದ ಬಳಿ 17,700 ವರ್ಷ ಹಿಂದಿನ ಸ್ಪ್ರೂಸ್ ಡಿಎನ್‌ಎ, 22,000 ವರ್ಷ ಹಿಂದಿನ ಪೈನ್ ಡಿಎನ್‌ಎ ದೊರೆತವು. ಅಂದರೆ ಕೆಲವು ಮರಗಳು ಅಟ್ಲಾಂಟಿಕ್ ಅಂಚಿನಲ್ಲಿ ಹಿಮಯುಗವನ್ನು ದಾಟಿದ್ದವು ಎಂಬುದು ಅವರ ವಾದ.

ಕೆಸರಿನ ಚೂರುಪಾರು ಡಿಎನ್‌ಎ ಬೇರೆಡೆಯಿಂದ ಬೆರೆತಿರಬಹುದೆಂದು ಕೂಡಲೇ ತಕರಾರು ಬಂತು. ನನಗೂ ಕೆಸರಿನ ಮೇಲೆ ಪೂರ್ತಿ ನಂಬಿಕೆಯಿಲ್ಲ. ಇಂದು ಬದುಕಿರುವ ಮರಗಳೊಳಗಿನ ಗುರುತನ್ನು ತಳ್ಳಿಹಾಕುವುದು ಮಾತ್ರ ಅಷ್ಟು ಸುಲಭವಲ್ಲ.

2013ರಲ್ಲಿ ಸ್ಪ್ರೂಸ್‌ನ ಇಡೀ ಜೀನೋಮ್, ಅಂದರೆ ಅದರ ಡಿಎನ್‌ಎಯ ಪೂರ್ತಿ ಬರಹ, ಓದಿದರು, ಅದರಲ್ಲಿ ನಿಮ್ಮ ಉಮೆಯೊದವರ ಪಾಲೂ ದೊಡ್ಡದು. ಸುಮಾರು 2,000 ಕೋಟಿ ಅಕ್ಷರ, ಮನುಷ್ಯರದಕ್ಕಿಂತ ಆರೇಳು ಪಟ್ಟು. ಬಹುಪಾಲು ಹೇಳಿದ್ದನ್ನೇ ಹೇಳುವುದು.

ಇನ್ನೊಂದು ತೊಡಕಿದೆ. 20ನೆಯ ಶತಮಾನದಲ್ಲಿ ದಕ್ಷಿಣ ಸ್ವೀಡನ್ನಿಗೆ ಜರ್ಮನಿ, ಬೆಲರೂಸ್ ಕಡೆಯ ಬೀಜ ತರಿಸಿ ನೆಟ್ಟರು. ಅಂಥ ಮರದ ಡಿಎನ್‌ಎ ಹಿಮಯುಗದ ಕಥೆ ಹೇಳುವುದಿಲ್ಲ, ಅರಣ್ಯ ಇಲಾಖೆಯ ಕಥೆ ಹೇಳುತ್ತದೆ. ನಿನ್ನ ಮರಗಳು ಸಾಲಾಗಿ, ಒಂದೇ ಎತ್ತರಕ್ಕೆ ನಿಂತಿವೆಯೇ ನೋಡು. ಹಾಗಿದ್ದರೆ ನೆಟ್ಟವೇ ಇರಬೇಕು. ಬೀಜ ಎಲ್ಲಿಯದೆಂದು ಅಲ್ಲಿನ ಅರಣ್ಯ ವಿಭಾಗದಲ್ಲಿ ವಿಚಾರಿಸಿ ನನಗೆ ಬರೆ.

ನಿನ್ನ ಅಮ್ಮ