ಬಣ್ಣದ ಪುಡಿ ಎಲ್ಲಿಂದ ಬಂತು?

ಮಾನ್ಯರೇ,

ಹೋದ ತಿಂಗಳು ಹೆದ್ದಾರಿ ಬದಿಯ ಅಂಗಡಿಯೊಂದರಲ್ಲಿ ಮೊಮ್ಮಗಳಿಗೆ ಮರದ ಗಿಲಕಿ ತಗೊಂಡೆ. ಚನ್ನಪಟ್ಟಣದ್ದೇ ಅಂದರು. ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಯೆಲ್ಲ ಹಳದಿ! ಅರಗಿನ ಬಣ್ಣ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹಾಲೆ ಮರದ ತುಂಡು ಲೇತಿನಲ್ಲಿ ತಿರುಗುವಾಗಲೇ ಬಣ್ಣದ ಪುಡಿ ಬೆರೆಸಿದ ಅರಗಿನ ಕಡ್ಡಿ ಒತ್ತುತ್ತಾರೆ; ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ನನ್ನ ಕೈಲಿದ್ದದ್ದು ಸುಮ್ನೆ ಪೇಂಟು ಬಳಿದದ್ದಿರಬೇಕು.

ಹಳದಿ ಪೇಂಟು ಅಂದರೆ ಸೀಸದ ಭಯ. ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂದು 2016ರಲ್ಲೇ ನಿಯಮ ಬಂತು. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ, ಅದು ಸರಿಯೇ. ಒಂದೊಂದು ಗೊಂಬೆ ಹಿಡಿದು ಲ್ಯಾಬಿಗೆ ಅಲೆಯಲು ಅವರಿಂದ ಆಗುತ್ತಾ?

ಪರೀಕ್ಷೆ ನಡೆಯಬೇಕಾದದ್ದು ಬಣ್ಣದ ಪುಡಿ ಮಾರುವವರ ಹತ್ತಿರ. ಚೀಟಿಯೇ ಇಲ್ಲದ ಪೊಟ್ಟಣ ಕೊಂಡವರಿಗೆ ಅದರಲ್ಲೇನಿದೆ ಅಂತ ಗೊತ್ತಾಗುವುದು ಹೇಗೆ? ಪ್ರತಿ ಮೂಟೆಗೂ ಪರೀಕ್ಷಾ ವರದಿ ಇರಲಿ, ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಇರಲಿ. ಸೀಸ ಪತ್ತೆ ಮಾಡುವ, ಕೈಯಲ್ಲೇ ಹಿಡಿಯಬಹುದಾದ ಎಕ್ಸ್‌ಆರ್‌ಎಫ್ ಯಂತ್ರವೊಂದು ಚನ್ನಪಟ್ಟಣದಲ್ಲೇ ಎಲ್ಲರ ಕೈಗೆ ಸಿಗುವಂತಿದ್ದರೆ ಇನ್ನೂ ಒಳ್ಳೆಯದು.

ಅಂಗಡಿಯವನನ್ನು ಮತ್ತೆ ಹೋಗಿ ಕೇಳಿದೆ. ‘ನಂಗೇನ್ ಗೊತ್ತಮ್ಮಾ, ಹೋಲ್‌ಸೇಲಲ್ಲಿ ಬಂದಿದ್ದು’ ಅಂದ. ಗಿಲಕಿ ಈಗ ಅಟ್ಟದ ಮೇಲಿದೆ.

– ಒಬ್ಬ ಅಜ್ಜಿ, ಮಂಡ್ಯ