ಮಗಳಿಗೊಂದು ಪತ್ರ: ಪುಟ ತಿರುಗಿಸುವ ಮುಂಚೆ ಸ್ವಲ್ಪ ಕಾಯಿ

ಪ್ರೀತಿಯ ಮಗಳೇ,

ನಿನ್ನ ಫೋನು ಬಂದ ಮೇಲೆ ನಾನೂ ನಿನ್ನಮ್ಮನೂ ಹೆಚ್ಚು ಮಾತಾಡಲಿಲ್ಲ. ಎರಡೂವರೆ ವರ್ಷವಾದರೂ ಪುಟ್ಟನ ಬಾಯಲ್ಲಿ ನಾಲ್ಕಾರು ಮಾತಷ್ಟೇ ಇರುವುದು ನಮ್ಮ ಕಣ್ಣಿಗೂ ಬಿದ್ದಿತ್ತು. ಆದರೆ ಡಾಕ್ಟರು ಬಾಯಿಬಿಟ್ಟು ಹೇಳಿದಾಗ ಅದರ ಭಾರವೇ ಬೇರೆ. ಇಂಥ ಹೊತ್ತಿನಲ್ಲಿ ನಿನ್ನ ಪಕ್ಕದಲ್ಲಿ ಇರಲಾಗುತ್ತಿಲ್ಲ, ಕ್ಷಮಿಸು. ಬೆಳಿಗ್ಗೆ ನೀನು ಕಳಿಸಿದ ಪಟ್ಟಿ ನೋಡಿದೆ. ಅಷ್ಟೊಂದು ಚಿತ್ರಪುಸ್ತಕಗಳ ಹೆಸರು, ಕೆಳಗೆ ‘ಯಾವುದು ತಗೊಳ್ಳಲಿ, ಬೇಗ ಹೇಳಪ್ಪ’ ಅನ್ನುವ ಒಂದು ಸಾಲು. ಆಯಸ್ಸೆಲ್ಲ ಪ್ರೆಸ್ಸಿನಲ್ಲಿ ಕಳೆದವನು ನಾನು. ಪುಸ್ತಕದ ವಿಷಯಕ್ಕೆ ಮಗಳು ನನ್ನನ್ನೇ ಕೇಳಿದಳಲ್ಲ ಅಂತ ಆ ಸಂಕಟದಲ್ಲೂ ಹೆಮ್ಮೆಯಾಯಿತು. ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪುಸ್ತಕದ್ದಲ್ಲದ ಮಾತು. ಕಿವಿ ಪರೀಕ್ಷೆಯನ್ನು ಯಾವ ಕಾರಣಕ್ಕೂ ಮುಂದೆ ಹಾಕಬೇಡ. ‘ಗಂಡುಮಕ್ಕಳು ಮಾತಾಡೋದೇ ತಡ, ಸುಮ್ಮನಿರು’ ಎನ್ನುವವರು ಪ್ರೀತಿಯಿಂದಲೇ ಅನ್ನುತ್ತಾರೆ. ಅವರಿಗೆ ಹೂಂ ಅನ್ನು, ಪರೀಕ್ಷೆ ಮಾತ್ರ ಮಾಡಿಸು. ಕಿವಿಯೊಳಗೆ ತಮಟೆಯ ಹಿಂದೆ ದ್ರವ ಕಟ್ಟಿಕೊಂಡು ಅರ್ಧಂಬರ್ಧ ಕೇಳಿಸುವ ಮಕ್ಕಳಿರುತ್ತಾರೆ. ಕರೆದರೆ ತಿರುಗಿ ನೋಡುತ್ತಾರೆ, ಹಾಡು ಹಾಕಿದರೆ ಕುಣಿಯುತ್ತಾರೆ, ಆದರೆ ಮಾತಿನ ಸಣ್ಣ ಸದ್ದುಗಳು ಅವರಿಗೆ ಸರಿಯಾಗಿ ತಲುಪುವುದಿಲ್ಲ. ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಲು ಹೇಳಿದರೆ ಹೋಗು. ಪುಸ್ತಕ ಅವರ ಕೆಲಸವನ್ನು ಮಾಡಲಾರದು. ಮನೆಯಲ್ಲಿ ಎರಡು ಭಾಷೆ ಇರುವುದರಿಂದಲೇ ಹೀಗಾಯಿತು, ಒಂದನ್ನು ಬಿಡಿ ಅಂತ ಯಾರಾದರೂ ಅಂದರೆ ನಂಬಬೇಡ. ಎರಡು ಭಾಷೆ ಕೇಳಿ ಬೆಳೆಯುವುದು ಮಾತು ತಡವಾಗಲು ಕಾರಣವಲ್ಲ. ನಿನಗೆ ಯಾವ ಭಾಷೆಯಲ್ಲಿ ಮುದ್ದು ಬರುತ್ತದೋ ಅದರಲ್ಲಿ ಓದು. ಪುಟದಲ್ಲಿ ಬೇರೆ ಭಾಷೆಯಿದ್ದರೆ ಇರಲಿ, ಚಿತ್ರಕ್ಕೆ ನಿನ್ನ ಮಾತು ಸಾಕು.

ಈಗ ಪಟ್ಟಿಗೆ ಬರುತ್ತೇನೆ. ಗುಂಡಿ ಒತ್ತಿದರೆ ಹಸು ಕೂಗುವ, ಲೈಟು ಹತ್ತುವ ಪುಸ್ತಕಗಳನ್ನೆಲ್ಲ ತೆಗೆದುಬಿಡು. ಎಲೆಕ್ಟ್ರಾನಿಕ್ ಆಟಿಕೆ, ಮರದ ಆಟಿಕೆ, ಪುಸ್ತಕ ಇವುಗಳನ್ನು ಕೊಟ್ಟು ಅಪ್ಪ ಅಮ್ಮ ಎಳೆ ಮಗುವಿನ ಜೊತೆ ಎಷ್ಟು ಮಾತಾಡುತ್ತಾರೆ ಅಂತ ನೋಡಿದ ಅಧ್ಯಯನವೊಂದಿದೆ. ಸದ್ದು ಮಾಡುವ ಆಟಿಕೆ ಕೈಯಲ್ಲಿದ್ದಾಗ ಅವರ ಮಾತು ಕಡಿಮೆ, ಪುಸ್ತಕವಿದ್ದಾಗ ಹೆಚ್ಚು. ಹಸು ತಾನೇ ಕೂಗಿದರೆ ನೀನು ಯಾಕೆ ಕೂಗುತ್ತೀ? ಪುಟ್ಟನಿಗೆ ಬೇಕಾದದ್ದು ನಿನ್ನ ಬಾಯಿಂದ ಬರುವ ‘ಅಂಬಾ’, ಅದು ಬರುವಾಗ ನಿನ್ನ ತುಟಿ ಹೇಗೆ ಮುಚ್ಚಿ ತೆರೆಯುತ್ತದೆ ಅನ್ನುವುದು. ಮಡಚಿದ್ದನ್ನು ಎತ್ತುವ, ಕಾಗದದ ಪಟ್ಟಿ ಎಳೆಯುವ, ತೆರೆದರೆ ಎದ್ದುನಿಲ್ಲುವ ಪುಸ್ತಕಗಳು ಆಟಕ್ಕೆ ಒಂದೆರಡು ಇರಲಿ. 2010ರ ಒಂದು ಅಧ್ಯಯನದಲ್ಲಿ ಅಂಥವುಗಳಿಗಿಂತ ಸರಳವಾದ ಚಿತ್ರಗಳಿಂದಲೇ ಪುಟ್ಟ ಮಕ್ಕಳು ಹೊಸ ಹೆಸರನ್ನು ಚೆನ್ನಾಗಿ ಹಿಡಿದರು. ಕೈಗೆ ಕೆಲಸ ಹೆಚ್ಚಾದಾಗ ಕಿವಿ ಹಿಂದೆ ಬೀಳುತ್ತದೆ ಅಂತ ಕಾಣುತ್ತದೆ.

‘ಸಾವಿರ ಪದಗಳು’ ಥರದ ದಪ್ಪ ಪುಸ್ತಕ ನಿನ್ನ ಪಟ್ಟಿಯಲ್ಲಿ ಮೂರು ಕಡೆ ಇದೆ. ಅದನ್ನು ಕಂಡಾಗಲೇ ನನಗೆ ಭಯವಾದದ್ದು. ಒಂದೊಂದು ಪುಟದಲ್ಲೂ ಸಾಲಾಗಿ ಸೇಬು, ಚೆಂಡು, ಕೊಡೆ. ಅದನ್ನು ಎದುರಿಗಿಟ್ಟುಕೊಂಡರೆ ಎಂಥ ಒಳ್ಳೆಯ ತಾಯಿಯ ಬಾಯಲ್ಲೂ ಬರುವುದು ಒಂದೇ ಪ್ರಶ್ನೆ. ‘ಇದೇನು? ಇದೇನು? ಇದೇನು ಹೇಳು?’ ಮಗು ಚಿತ್ರ ನೋಡುವುದು ಬಿಟ್ಟು ನಿನ್ನ ಮುಖ ನೋಡಲು ಶುರುಮಾಡುತ್ತದೆ, ಅಮ್ಮನಿಗೆ ಖುಷಿಯಾಯಿತೋ ಇಲ್ಲವೋ ಅಂತ. ಮಾತೇ ಬಾರದ ಮಗುವಿಗೆ ದಿನಾ ರಾತ್ರಿ ಅದು ಪರೀಕ್ಷೆಯಾಗಿಬಿಡುತ್ತದೆ. ಆ ಭಯದಿಂದಲೇ ನಿನಗೆ ನಮ್ಮ ಮಳೆಯ ಪುಸ್ತಕದ ವಿಷಯ ಬರೆಯಬೇಕು.

ನೀನು ಚಿಕ್ಕವಳಿದ್ದಾಗ ದಿನಾ ರಾತ್ರಿ ಅದನ್ನು ಓದುತ್ತಿದ್ದೆವಲ್ಲ, ಆ ವರ್ಷದ ಮಿಕ್ಕ ಸಂಗತಿಗಳು ಇಬ್ಬರಿಗೂ ಗೊತ್ತು, ಬರೆಯುವುದಿಲ್ಲ. ಪುಸ್ತಕದ ರಕ್ಷಾಪುಟ ಹೋಗಿತ್ತು, ಹೆಸರು ಕೂಡ ನೆನಪಿಲ್ಲ. ಮಳೆಯಲ್ಲಿ ಜನ ಕೊಡೆ ಹಿಡಿದು ನಿಂತಿದ್ದಾರೆ, ಕೆಳಗೆ ‘ಬಸ್ಸು ಬಂತು’ ಅಂತ ಒಂದೇ ಸಾಲು. ಬೆಂಚಿನ ಕೆಳಗೆ ನೆನೆದ ಬೆಕ್ಕಿನ ಮರಿಯೊಂದು. ಮಾತಿನಲ್ಲಿ ಆ ಮರಿಯ ಸುದ್ದಿ ಎಲ್ಲೂ ಇಲ್ಲ. ನಾನು ‘ಬಸ್ಸು ಬಂತು’ ಅಂತ ಓದಿ ಪುಟ ತಿರುಗಿಸಲು ಹೋದರೆ ನೀನು ಅಂಗೈಯಿಂದ ಪುಟ ಒತ್ತಿ ಹಿಡಿಯುತ್ತಿದ್ದೆ. ದಿನಾ ಅದೇ. ದಿನವಿಡೀ ಮೆಷಿನ್ನಿನ ಮುಂದೆ ನಿಂತು ಬಂದಿರುತ್ತಿದ್ದೆ, ಕಣ್ಣು ಎಳೆಯುತ್ತಿತ್ತು, ಆದರೂ ನಿನ್ನ ಕೈ ಸರಿಸಲು ಮನಸ್ಸಾಗುತ್ತಿರಲಿಲ್ಲ. ನೀನು ಮರಿಯನ್ನು ನೋಡುತ್ತಿದ್ದೆ, ನಾನು ನಿನ್ನನ್ನು ನೋಡುತ್ತಿದ್ದೆ. ಮುಂದಿನ ಪುಟದಲ್ಲಿ ಮರಿ ಇಲ್ಲ. ಆಗ ನೀನು ಹಿಂದಕ್ಕೆ ತಿರುಗಿಸುತ್ತಿದ್ದೆ, ಇದೆ. ಮುಂದಕ್ಕೆ, ಇಲ್ಲ. ಮತ್ತೆ ಹಿಂದಕ್ಕೆ. ಒಂದು ದಿನ ಕೊನೆಯ ಪುಟದಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ಬೆರಳಿಟ್ಟು ನನ್ನ ಗಲ್ಲ ಹಿಡಿದು ತಿರುಗಿಸಿದೆ. ಅಲ್ಲಿ ಸಣ್ಣ ಸಣ್ಣ ಒದ್ದೆ ಹೆಜ್ಜೆಗಳು. ಮರಿ ಬಸ್ಸು ಹತ್ತಿತ್ತು. ಪ್ರೂಫ್ ನೋಡಿ ಪಳಗಿದ ನನ್ನ ಕಣ್ಣಿಗೆ ಅದು ಅಲ್ಲಿಯವರೆಗೂ ಬಿದ್ದಿರಲಿಲ್ಲ, ಯಾಕೆಂದರೆ ನನ್ನ ಕಣ್ಣು ಅಕ್ಷರದ ಮೇಲಿತ್ತು.

ಆ ಒದ್ದೆ ಹೆಜ್ಜೆಗಳನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ಹೇಳಿದಷ್ಟೂ ಅದು ನನಗೆ ಹೊಸದಾಗಿಯೇ ಕಾಣುತ್ತದೆ. ಓದಲು ಬಾರದ ಮಕ್ಕಳ ಕಣ್ಣು ಎಲ್ಲಿ ಓಡುತ್ತದೆ ಅಂತ ಉಪಕರಣ ಹಿಡಿದು ನೋಡಿದವರೂ ಅದನ್ನೇ ಹೇಳುತ್ತಾರೆ. ನಾವು ಗಟ್ಟಿಯಾಗಿ ಓದುವಾಗ ಮಗು ನೋಡುವುದು ಬಹುಪಾಲು ಚಿತ್ರವನ್ನೇ, ಅಕ್ಷರವನ್ನಲ್ಲ. ಒಂದೇ ಪುಸ್ತಕದಲ್ಲಿ ನೀನು ಒಂದನ್ನು ಓದುತ್ತಿರುತ್ತೀ, ಅವನು ಇನ್ನೊಂದನ್ನು. ಹಾಗಾಗಿ ಚಿತ್ರದಲ್ಲಿ ಮಾತಿಗಿಂತ ಹೆಚ್ಚಿನದೇನಾದರೂ ಇರುವ ಪುಸ್ತಕ ಹುಡುಕು. ‘ನಾಯಿ ಓಡಿತು’ ಅಂತ ಬರೆದು ಓಡುವ ನಾಯಿಯನ್ನಷ್ಟೇ ಬಿಡಿಸಿದ್ದರೆ ಅಲ್ಲಿಗೆ ಮುಗಿಯಿತು. ಅದರ ಬಾಯಲ್ಲಿ ಯಾರದೋ ಚಪ್ಪಲಿ ಇದ್ದರೆ ಪುಟ್ಟನಿಗೆ ನಿನಗೆ ತೋರಿಸಲು ಏನೋ ಸಿಕ್ಕಿತು. ತೋರಿಸಲು ಏನಾದರೂ ಇರುವ ಮಗುವಿಗೇ ಹೇಳಬೇಕು ಅನ್ನಿಸುವುದು. ಮಾತೇ ಇಲ್ಲದ, ಬರೀ ಚಿತ್ರದ ಪುಸ್ತಕವೂ ಒಂದಿರಲಿ.

ಪ್ರಶ್ನೆಯನ್ನೇ ಕೇಳಬೇಡ ಅಂತಲ್ಲ. 1988ರಲ್ಲಿ ಅಮೆರಿಕದಲ್ಲಿ ವೈಟ್‌ಹರ್ಸ್ಟ್ ಎಂಬವರು ಮತ್ತು ಅವರ ಜೊತೆಗಾರರು 21ರಿಂದ 35 ತಿಂಗಳ ಮಕ್ಕಳ ಅಪ್ಪ ಅಮ್ಮಂದಿರಿಗೆ ಓದುವ ರೀತಿಯನ್ನು ಕಲಿಸಿದರು. ಹೌದು ಇಲ್ಲ ಅಂತ ಮುಗಿಯದ ಪ್ರಶ್ನೆ ಕೇಳುವುದು, ಮಗು ಅಂದದ್ದಕ್ಕೆ ಇನ್ನೊಂದು ಮಾತು ಸೇರಿಸಿ ತಿರುಗಿ ಹೇಳುವುದು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು, ಮಾಮೂಲಿನಂತೆ ಓದಿಸಿಕೊಂಡ ಮಕ್ಕಳ ಮಾತಿಗಿಂತ ಮುಂದೆ ಹೋಯಿತು. ಆದರೆ ಅವರು ಮಾತು ತಡವಾದ ಮಕ್ಕಳಲ್ಲ, ಅದನ್ನು ನೆನಪಿಡು. ಪುಟ್ಟನಿಗೆ ಸದ್ಯ ಪ್ರಶ್ನೆಗಿಂತ ನಿನ್ನ ಮಾತೇ ಹೆಚ್ಚು ಬೇಕು. ಅವನು ಬೆರಳಿಟ್ಟ ಕಡೆ ನೋಡಿ ‘ಓ, ಚಪ್ಪಲಿ!’ ಅನ್ನು. ಆಮೇಲೆ ಸುಮ್ಮನಿರು. ಮನಸ್ಸಿನಲ್ಲಿ ಐದರ ತನಕ ಎಣಿಸು. ಅವನು ‘ಚ’ ಅಂದರೂ ಸರಿ, ಕೈ ಬಡಿದರೂ ಸರಿ, ಅದು ಉತ್ತರವೇ. ‘ಹೌದು, ನಾಯಿ ಚಪ್ಪಲಿ ಕಚ್ಕೊಂಡು ಓಡ್ತಿದೆ’ ಅಂತ ಸ್ವಲ್ಪ ಉದ್ದ ಮಾಡಿ ವಾಪಸ್ ಕೊಡು. ಏನೂ ಅನ್ನದಿದ್ದರೆ ಬೇಸರ ಮುಖಕ್ಕೆ ಬರದಂತೆ ಪುಟ ತಿರುಗಿಸು. ಚಿಕ್ಕಂದಿನಿಂದ ನಿನ್ನ ಮುಖ ಏನನ್ನೂ ಬಚ್ಚಿಡುವುದಿಲ್ಲ, ಅದಕ್ಕೇ ಹೇಳಿದೆ.

ಪ್ರಾಣಿ, ವಾಹನ, ಮಳೆ ಗಾಳಿಯ ಸದ್ದು ತುಂಬಿದ ಪುಸ್ತಕ ಮೊದಲು ತಗೋ. ‘ಡುಂ’, ‘ಬೌ ಬೌ’, ‘ಟಪ್ ಟಪ್’ ಇವು ಪೂರ್ತಿ ಪದಕ್ಕಿಂತ ನಾಲಿಗೆಗೆ ಸುಲಭ. ಮಕ್ಕಳಿಗಾಗಿ ಅಚ್ಚಾದ ಮೊದಮೊದಲ ಚಿತ್ರಪುಸ್ತಕ ಅಂತ ಹೆಸರಾದದ್ದನ್ನು ಮಾಡಿದವನು ಕಮೇನಿಯಸ್ ಅನ್ನುವ ಮೇಷ್ಟ್ರು. 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಮರದ ಅಚ್ಚಿನ ಚಿತ್ರಗಳೊಂದಿಗೆ ಹೊರಬಂತು. ಅಕ್ಷರ ಕಲಿಸಲು ಅವನು ಶುರುಮಾಡಿದ್ದೇ ಕಾಗೆ ಕೂಗುವುದರಿಂದ, ಕುರಿಮರಿ ಅರಚುವುದರಿಂದ. ಕೆಲಸ ಕಲಿಯುವ ಹುಡುಗರಿಗೆಲ್ಲ ನಾನು ಇದನ್ನು ಹೇಳುತ್ತಿದ್ದೆ. ಪ್ರತಿ ಪುಟದಲ್ಲೂ ಅದೇ ಸಾಲು ಮರಳಿ ಬರುವ ಕಥೆಯೂ ಒಳ್ಳೆಯದು. ನಾಲ್ಕು ದಿನ ಪೂರ್ತಿ ಓದು, ಐದನೆಯ ದಿನ ಸಾಲಿನ ಕೊನೆಯ ಮಾತನ್ನು ಅವನಿಗೆ ಬಿಡು.

ಅಂಗಡಿಯಲ್ಲಿ ನೋಡಬೇಕಾದ್ದು ಒಂದಿಷ್ಟಿದೆ, ಇದು ನನ್ನ ಕಸುಬಿನ ಮಾತು. ಪುಸ್ತಕವನ್ನು ಪೂರ್ತಿ ಬಿಡಿಸಿ ನೋಡು. ಎರಡು ಪುಟಕ್ಕೆ ಹರಡಿದ ಚಿತ್ರದಲ್ಲಿ ಮುಖವೋ ಕೈಯೋ ಮಡಿಕೆಯೊಳಗೆ ಹೋಗಿದ್ದರೆ ಬೇಡ. ಅಂಟಿನ ಬೈಂಡಿಂಗ್ ಆದರೆ ಹೀಗಾಗುವುದು ಜಾಸ್ತಿ, ಸೆಂಟರ್ ಪಿನ್, ಅಂದರೆ ನಡುಮಡಿಕೆಗೆ ಪಿನ್ ಹೊಡೆದದ್ದು ಆದರೆ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ. ಆದರೆ ಪಿನ್ನಿನ ತುದಿ ಒಳಕ್ಕೆ ಮಡಚಿದೆಯೇ ಅಂತ ಬೆರಳಾಡಿಸಿ ನೋಡು. ಹೊಳೆಯುವ ಲ್ಯಾಮಿನೇಷನ್ ಹಗಲಲ್ಲಿ ಚಂದ, ರಾತ್ರಿ ದೀಪದ ಬೆಳಕು ಅದರ ಮೇಲೆ ಬಿದ್ದು ಮಗುವಿಗೆ ಚಿತ್ರವೇ ಕಾಣುವುದಿಲ್ಲ. ಹೊಳೆಯದ ಮ್ಯಾಟ್ ಇದ್ದರೆ ಅದನ್ನೇ ತಗೋ. ಪುಟ್ಟನ ವಯಸ್ಸಿಗೆ ಮೂಲೆ ಉರುಟಾದ ದಪ್ಪ ರಟ್ಟಿನ ಪುಟವೇ ವಾಸಿ, ತಾನೇ ತಿರುಗಿಸಬಹುದು. ಹೊರಡುವ ಮುಂಚೆ ಎರಡು ಪುಟ ಗಟ್ಟಿಯಾಗಿ ಓದು. ನಿನ್ನ ನಾಲಿಗೆಯೇ ತಡವರಿಸಿದರೆ ಅಲ್ಲೇ ಇಟ್ಟು ಬಾ. ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ ಇರುವುದು 16 ಪುಟದ ಎರಡು ಫಾರಂ (ಒಟ್ಟಿಗೆ ಅಚ್ಚು ಮಾಡಿ ಮಡಚುವ ಹಾಳೆ) ಕೂಡಿಸಿದ ಲೆಕ್ಕ, ಮಗುವಿನ ತಾಳ್ಮೆಯ ಲೆಕ್ಕವಲ್ಲ. ಆರನೆಯ ಪುಟಕ್ಕೆ ಎದ್ದು ಓಡಿದರೆ ಅವತ್ತಿಗೆ ಅಷ್ಟೇ.

‘ಒಂದನ್ನೇ ತರ್ತಾನೆ, ಬೇರೆ ಮುಟ್ಟೋದೇ ಇಲ್ಲ’ ಅಂತ ಅಳುತ್ತಾ ಹೇಳಿದೆಯಲ್ಲ. ಅದು ರೋಗವೆಂದುಕೊಳ್ಳಬೇಡ ತಾಯಿ. ಮೂರು ವರ್ಷದ ಮಕ್ಕಳಿಗೆ ಹೊಸ ಪದಗಳಿರುವ ಕಥೆ ಓದಿ 2011ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ನೋಡಿದರು. ಪದ ಕೇಳಿದ ಸಲ ಎಲ್ಲರಿಗೂ ಒಂದೇ, ಆದರೆ ಬೇರೆ ಬೇರೆ ಕಥೆ ಕೇಳಿದವರಿಗಿಂತ ಅದೇ ಕಥೆಯನ್ನು ಮತ್ತೆ ಮತ್ತೆ ಕೇಳಿದ ಮಕ್ಕಳೇ ಪದಗಳನ್ನು ಚೆನ್ನಾಗಿ ಕಲಿತರು. ಅವನು ತಂದದ್ದನ್ನೇ ಓದು. ಅದಕ್ಕೇ ನಿನಗೂ ಸಾಕಾಗದ ಪುಸ್ತಕ ಆರಿಸಬೇಕು, ನೂರನೆಯ ಸಲ ಓದುವವಳು ನೀನು. ಅಳಿಯಂದಿರೂ ಒಂದು ಹೊತ್ತು ಓದಲಿ, ಅವರ ದನಿ ಬೇರೆ, ಅವರು ನಿಲ್ಲುವ ಜಾಗ ಬೇರೆ.

ಪಟ್ಟಿಯಲ್ಲಿ ಗೆರೆ ಎಳೆದು ಕಳಿಸಿದ್ದೇನೆ, ಉಳಿದಿರುವುದು ನಾಲ್ಕು. ಅಷ್ಟೇ ತಗೋ, ಪುಟ್ಟನ ಕೈಗೆಟುಕುವ ಕಡೆ ರಕ್ಷಾಪುಟ ಕಾಣುವಂತೆ ಇಡು. ಅವುಗಳಲ್ಲಿ ಯಾವುದನ್ನು ಅವನು ಎಳೆದು ತರುತ್ತಾನೋ ಅದರ ಹೆಸರು ನನಗೆ ತಿಳಿಸು, ಇನ್ನೊಂದು ಪ್ರತಿ ನಾನೂ ತರಿಸಿಟ್ಟುಕೊಳ್ಳುತ್ತೇನೆ. ಸಂಜೆ ವಿಡಿಯೋ ಕಾಲ್ ಮಾಡಿದಾಗ ಅವನ ಪುಸ್ತಕ ಅವನ ತೊಡೆಯ ಮೇಲಿರಲಿ, ನಾನು ಇಲ್ಲಿಂದ ಓದುತ್ತೇನೆ, ಪುಟ ತಿರುಗಿಸುವುದು ಅವನ ಕೆಲಸ. ಕಿವಿ ಪರೀಕ್ಷೆಯ ರಿಪೋರ್ಟ್ ಕೈಗೆ ಬಂದ ಕೂಡಲೇ ಫೋನ್ ಮಾಡು, ರಾತ್ರಿಯಾದರೂ ಪರವಾಗಿಲ್ಲ, ನಿನ್ನಮ್ಮ ಹೇಗೂ ಎದ್ದಿರುತ್ತಾಳೆ.

ನಿನ್ನ
ಅಪ್ಪ