ಗೆಳೆಯನಿಗೊಂದು ಪತ್ರ: ನಾಲ್ಕು ವಾದ್ಯ, ಒಂದು ಮಳಿಗೆ

ಪ್ರಿಯ ಗೆಳೆಯಾ,

ಸ್ಟ್ರಿಂಗ್ ಕ್ವಾರ್ಟೆಟ್ ಅಂದರೆ ಎರಡು ಪಿಟೀಲು, ಒಂದು ವಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡದು, ದನಿ ತಗ್ಗು), ಒಂದು ಚೆಲ್ಲೊ (ಕೂತು ಮಂಡಿಗಳ ನಡುವೆ ಹಿಡಿದು ನುಡಿಸುವ ಇನ್ನೂ ದೊಡ್ಡದು) ಅಂತ ನಿನಗೆ ಗೊತ್ತೇ ಇದೆ. ಅದೇ ನಾಲ್ವರು ಕಛೇರಿಯನ್ನೂ ಮಾಡಿ ಮಕ್ಕಳಿಗೆ ಪಾಠವನ್ನೂ ಹೇಳಿ, ಎರಡನ್ನೂ ಕೆಡಿಸದೆ ಇರುವುದು ಹೇಗೆ ಅಂತ ಕೇಳಿದ್ದೀಯ.

ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಊರನ್ನು ತೆಗೆದುಕೋ. ಪಿಟೀಲು ವಾದಕ ಸೆಬಾಸ್ಟಿಯನ್ ರೂತ್ ಬ್ರೌನ್ ವಿಶ್ವವಿದ್ಯಾಲಯದ ಓದು ಮುಗಿಸಿ 1997ರಲ್ಲಿ ಅಲ್ಲಿ ಕಮ್ಯುನಿಟಿ ಮ್ಯೂಸಿಕ್‌ವರ್ಕ್ಸ್ ಎಂಬ ಮಕ್ಕಳಿಗೆ ಸಂಗೀತ ಕಲಿಸುವ ಸಂಸ್ಥೆ ಶುರು ಮಾಡಿದರು. ಅದರ ವಾದಕರದ್ದೇ ಪ್ರಾವಿಡೆನ್ಸ್ ಸ್ಟ್ರಿಂಗ್ ಕ್ವಾರ್ಟೆಟ್ ಆಗಿತ್ತು. ಮಕ್ಕಳಿಗೆ ಪಾಠವೂ ವಾದ್ಯವೂ ಪುಕ್ಕಟೆ. 2010ರಲ್ಲಿ ರೂತ್ ಅವರಿಗೆ ಅಮೆರಿಕದ ದೊಡ್ಡ ಗೌರವವಾದ ಮೆಕಾರ್ಥರ್ ಫೆಲೋಶಿಪ್ ಸಿಕ್ಕಿತು. ನೀನು ಗಮನಿಸಬೇಕಾದ್ದು ಅವರ ಜಾಗವನ್ನು. ಬಹುಕಾಲ ಅವರಿದ್ದದ್ದು ಬೀದಿಗೆ ಮುಖ ಮಾಡಿದ ಅಂಗಡಿ ಮಳಿಗೆಯಲ್ಲಿ, ಒಳಗಿನ ಅಭ್ಯಾಸ ಹೊರಗಿನವರಿಗೂ ಕಾಣುವಂಥ ಜಾಗದಲ್ಲಿ. ಮಕ್ಕಳಿಗೆ ಕಛೇರಿ ತೋರಿಸುವುದಕ್ಕಿಂತ ಅಭ್ಯಾಸ ತೋರಿಸುವುದು ಹೆಚ್ಚು ಕೆಲಸ ಮಾಡುತ್ತದೆ ಅಂತ ನನ್ನ ಲೆಕ್ಕ. ದೊಡ್ಡವರು ಒಂದೇ ಸಾಲನ್ನು ಹತ್ತು ಸಲ ನುಡಿಸಿ, ಜಗಳವಾಡಿ, ಮತ್ತೆ ನುಡಿಸುವುದನ್ನು ನೋಡಿದ ಮಗು ತನ್ನ ತಪ್ಪಿಗೆ ಅಷ್ಟು ಹೆದರುವುದಿಲ್ಲ.

ವೇಳಾಪಟ್ಟಿ ಸರಳ. ಮಕ್ಕಳು ಶಾಲೆಯಲ್ಲಿರುವ ಬೆಳಗಿನ ಹೊತ್ತು ಕ್ವಾರ್ಟೆಟ್‌ನ ಅಭ್ಯಾಸ, ಶಾಲೆ ಬಿಟ್ಟ ಮೇಲೆ ಪಾಠ. ಕೆಡುವುದು ಒಂದೇ ದಾರಿಯಲ್ಲಿ: ಎಷ್ಟು ಮಕ್ಕಳಿಗೆ ಕಲಿಸಿದಿರಿ ಅಂತ ದುಡ್ಡು ಕೊಡುವವರು ಕೇಳುತ್ತಾರೆ, ಎಷ್ಟು ಗಂಟೆ ಅಭ್ಯಾಸ ಮಾಡಿದಿರಿ ಅಂತ ಯಾರೂ ಕೇಳುವುದಿಲ್ಲ. ಬೆಳಗಿನ ಹೊತ್ತನ್ನು ಪಾಠ ನುಂಗಿತೆಂದರೆ ಕ್ವಾರ್ಟೆಟ್ ಹೋಯಿತು, ಉಳಿಯುವುದು ನಾಲ್ವರು ಮೇಷ್ಟ್ರು.

ಇನ್ನು ಶ್ರುತಿ. ಚೆಲ್ಲೊ, ವಯೋಲಾಗಳ ತಂತಿಗಳು ಸಿ-ಜಿ-ಡಿ-ಎ, ಪಿಟೀಲಿನವು ಜಿ-ಡಿ-ಎ-ಇ (ಇವು ಪಾಶ್ಚಾತ್ಯ ಸ್ವರಗಳ ಹೆಸರು). ಪಕ್ಕಪಕ್ಕದ ತಂತಿಗಳ ನಡುವೆಲ್ಲ ಸ-ಪ ಅಂತರ. ವಯೋಲಾದ ಸಿ ಇಂದ ಹಿಡಿದು ನಾಲ್ಕು ಸಲ ಶುದ್ಧ ಪಂಚಮ ಕಟ್ಟುತ್ತಾ ಪಿಟೀಲಿನ ಇ ತಂತಿಗೆ ಬಾ. ಸಿ ಷಡ್ಜವಾದರೆ ಆ ಇ ಅದರ ಗಾಂಧಾರ ಆಗಬೇಕಲ್ಲ? ಆಗುವುದಿಲ್ಲ, ಸುಮಾರು 22 ಸೆಂಟ್ ಮೇಲಿರುತ್ತದೆ (ಸ್ವರಕ್ಕೂ ಪಕ್ಕದ ಅರ್ಧಸ್ವರಕ್ಕೂ ನಡುವೆ 100 ಸೆಂಟ್). ಪ್ರತಿಯೊಬ್ಬರ ವಾದ್ಯವೂ ಸರಿ, ಕೂಡಿ ನುಡಿಸಿದರೆ ಅಪಸ್ವರ! ಅದಕ್ಕೇ ಎಷ್ಟೋ ಕ್ವಾರ್ಟೆಟ್‌ಗಳು ಎ ತಂತಿಯನ್ನು ಸ್ಥಿರವಾಗಿಟ್ಟು, ಪಂಚಮಗಳನ್ನು ಒಂದೆರಡು ಸೆಂಟ್ ಕುಗ್ಗಿಸಿ, ಚೆಲ್ಲೊ-ವಯೋಲಾಗಳ ಸಿ ತಂತಿಯನ್ನು ಕೂದಲೆಳೆಯಷ್ಟು ಮೇಲೆ ಎಳೆಯುತ್ತವೆ. ಉಳಿದದ್ದನ್ನು ಬೆರಳು ಸರಿಮಾಡಬೇಕು. ದೊಡ್ಡ ಮಕ್ಕಳಿಗೆ ಇದನ್ನು ಕೇಳಿಸಿಯೇ ತೋರಿಸು, ಲೆಕ್ಕ ಆಮೇಲೆ.

ಚಿಕ್ಕವರ ತರಗತಿಯಲ್ಲಿ ಶ್ರುತಿಯ ಕಷ್ಟ ಬೇರೆ. 20 ಪಿಟೀಲು, ಒಂದೊಂದಕ್ಕೆ 2 ನಿಮಿಷ ಅಂದರೆ ಪಾಠದ 40 ನಿಮಿಷ ಅಲ್ಲೇ ಮುಗಿಯಿತು. ನಾಲ್ಕು ತಂತಿಗೂ ಫೈನ್ ಟ್ಯೂನರ್ (ಶ್ರುತಿಯನ್ನು ಸ್ವಲ್ಪಸ್ವಲ್ಪವೇ ಸರಿಮಾಡುವ ಸಣ್ಣ ತಿರುಪು) ಹಾಕಿಸು, ಮಕ್ಕಳು ಬರುವ ಮೊದಲೇ ಶ್ರುತಿ ಮಾಡಿಡು. ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯ ಒಣ ಗಾಳಿಗೆ ಬಿರಡೆಗಳು ಕುಗ್ಗಿ ಸಡಿಲವಾಗುತ್ತವೆ. ಹಾಗೇ ತಿರುಗಿಸಿದರೆ ನಿಲ್ಲುವುದಿಲ್ಲ, ಒಳಕ್ಕೆ ಒತ್ತುತ್ತಾ ತಿರುಗಿಸಬೇಕು. ತಂತಿ ಬದಲಿಸುವಾಗ ಒಂದೊಂದಾಗಿ ಬದಲಿಸು. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಬೀಳುತ್ತದೆ, ಒಳಗಿನ ಸೌಂಡ್ ಪೋಸ್ಟ್ ಕಡ್ಡಿಯೂ ಉರುಳಬಹುದು. ಅದನ್ನು ಮತ್ತೆ ನಿಲ್ಲಿಸುವುದು ವಾದ್ಯ ರಿಪೇರಿಯವರ ಕೆಲಸ. ಕಮಾನಿನ ಕೂದಲಿಗೂ ಕಡ್ಡಿಗೂ ನಡುವೆ ಪೆನ್ಸಿಲ್ ದಪ್ಪದ ಸಂದು ಸಾಕು. ನುಡಿಸಿಯಾದ ಮೇಲೆ ಸಡಿಲಿಸಲೇಬೇಕು, ಇಲ್ಲದಿದ್ದರೆ ಕಡ್ಡಿಯ ಬಾಗು ಹೋಗುತ್ತದೆ.

ಮಗುವಿಗೆ ಯಾವ ಅಳತೆಯ ಪಿಟೀಲು ಅಂತ ನೋಡುವಾಗ ಅದನ್ನು ಗಲ್ಲದಡಿ ಇಟ್ಟು ಮಗುವಿನ ಎಡಗೈ ಚಾಚಿಸು. ಮೊಣಕೈ ಸ್ವಲ್ಪ ಮಡಚಿದ್ದಂತೆಯೇ ಬೆರಳುಗಳು ತುದಿಯ ಸುರುಳಿಯನ್ನು ತಬ್ಬಬೇಕು. ನಮ್ಮ ಕರ್ನಾಟಕ ಸಂಗೀತದವರು ಕೂತು, ಸುರುಳಿಯನ್ನು ಪಾದದ ಮೇಲಿಟ್ಟು ನುಡಿಸುವುದರಿಂದ ದೊಡ್ಡ ಪಿಟೀಲನ್ನೂ ಹೇಗೋ ನಿಭಾಯಿಸಿಬಿಡಬಹುದು. ಪಾಶ್ಚಾತ್ಯ ಶೈಲಿಯಲ್ಲಿ ಭಾರವೆಲ್ಲ ಭುಜ, ಗಲ್ಲ, ಎಡಗೈಗಳ ಮೇಲೆ.

ಶಾಲೆಯ ಕಾರ್ಯಕ್ರಮ 45 ನಿಮಿಷ ದಾಟದಿರಲಿ. ಸಂಗೀತ ರಚನಕಾರ ಹೈಡನ್‌ನ ಓಪಸ್ (ಕೃತಿಗುಚ್ಛ) 33ರ ಎರಡನೆಯ ಕ್ವಾರ್ಟೆಟ್‌ನ (1781) ಕೊನೆಯ ಭಾಗ ಇರಲೇಬೇಕು. ಮುಗಿಯುವ ಹೊತ್ತಿಗೆ ರಾಗವನ್ನು ತುಂಡು ತುಂಡು ಮಾಡಿ ನಡುನಡುವೆ ಮೌನ ಇಟ್ಟಿದ್ದಾನೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಸಂಗೀತ ಮುಂದುವರಿಯುತ್ತದೆ. ಕಡೆಗೆ ಉದ್ದನೆಯ ಮೌನ, ಮತ್ತೆ ಮೊದಲ ತುಂಡು, ಅಷ್ಟೇ. ಈ ತಮಾಷೆಯನ್ನು ಮುಂಚೆಯೇ ವಿವರಿಸಿದರೆ ಸತ್ತುಹೋಗುತ್ತದೆ ಮಾರಾಯ, ಬಾಯಿ ಬಿಡಬೇಡ. ಬಾರ್ಟೋಕ್‌ನ ನಾಲ್ಕನೆಯ ಕ್ವಾರ್ಟೆಟ್‌ನ (1928) ನಾಲ್ಕನೆಯ ಭಾಗಕ್ಕೆ ಕಮಾನೇ ಬೇಡ, ಪೂರ್ತಿ ಬೆರಳಿನಿಂದ ಮೀಟುವುದು. ಕೆಲವೆಡೆ ತಂತಿ ಮರಕ್ಕೆ ಬಡಿದು ಟಪ್ಪೆನ್ನುವಷ್ಟು ಜೋರಾಗಿ.

ವಯೋಲಾ ತೋರಿಸಲು ಡ್ವೊರಾಕ್‌ನ ‘ಅಮೆರಿಕನ್’ ಕ್ವಾರ್ಟೆಟ್ ಇದೆ. 1893ರಲ್ಲಿ ಅಯೋವಾದ ಸ್ಪಿಲ್‌ವಿಲ್ ಹಳ್ಳಿಯಲ್ಲಿ ಬರೆದದ್ದು, ಮೊದಲ ರಾಗವೇ ವಯೋಲಾದ್ದು. ಇದು ಬೇಕು, ಏಕೆಂದರೆ ಯಾವ ವಾದ್ಯ ಕಲಿಯುತ್ತೀಯ ಅಂತ ಕೇಳಿದರೆ ಹೆಚ್ಚಿನ ಮಕ್ಕಳು ಪಿಟೀಲು ಅಥವಾ ಚೆಲ್ಲೊ ಅನ್ನುತ್ತಾರೆ. ವಯೋಲಾ ಇಲ್ಲದೆ ಮಕ್ಕಳ ಕ್ವಾರ್ಟೆಟ್ ಕಟ್ಟಲಾಗುವುದಿಲ್ಲ. ಸಣ್ಣ ಕೈಗಳಿಗೆ 12 ಅಥವಾ 13 ಇಂಚಿನ ವಯೋಲಾ ಬರುತ್ತದೆ, ಕ್ರಮವಾಗಿ ಅರ್ಧ ಮತ್ತು ಮುಕ್ಕಾಲು ಅಳತೆಯ ಪಿಟೀಲಿನಷ್ಟೇ. ಸಿಗದಿದ್ದರೆ ಅದೇ ಅಳತೆಯ ಪಿಟೀಲಿಗೆ, ಆ ಉದ್ದಕ್ಕೆಂದೇ ಮಾಡಿದ ವಯೋಲಾ ತಂತಿ ಹಾಕಿಸು. ಒಡಲು ಚಿಕ್ಕದಾದ್ದರಿಂದ ಸಿ ತಂತಿ ಗೊರಗೊರ ಅನ್ನುತ್ತದೆ. ಮಗು ತನ್ನದೇ ತಪ್ಪು ಅಂದುಕೊಳ್ಳುವ ಮುಂಚೆ ಅದನ್ನು ಹೇಳಿಬಿಡು.

ನಿನ್ನ,
ಗೆಳೆಯ